ಟಿಕ್ ಎಂದರೆ ಒತ್ತು

ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ಯಾರು ಏನು ಹೇಳಿದರೂ ಹಾಗೇ ನುಂಗುವ ಅಭ್ಯಾಸವಿಲ್ಲ. ಕಣ್ಣಿನ ಡಾಕ್ಟರಮ್ಮ ಎಡಗಣ್ಣಿಗೆ ಇನ್ನೊಂದು ಸಲ ಲೇಸರ್ ಬೇಕು ಎಂದಾಗ ಅನುಮಾನ ಬಂದೇ ಬಂತು. ನಾಲ್ಕು ವರ್ಷದ ಹಿಂದೆ ಒಮ್ಮೆ ಆಗಿತ್ತಲ್ಲ? ಅದು ಕೆಲಸ ಮಾಡಿದ್ದರೆ ಮತ್ತೆ ಯಾಕೆ? ಮಾಡದಿದ್ದರೆ ಮತ್ತದೇ ಯಾಕೆ?

ಗ್ಲಾಕೋಮಾದಲ್ಲಿ ಕಣ್ಣೊಳಗಿನ ಒತ್ತಡ ಏರಿ ನರ ಸವೆಯುತ್ತದಂತೆ, ನೋಟ ಅಂಚಿನಿಂದ ಒಳಕ್ಕೆ ಮಾಸುತ್ತಾ ಬರುತ್ತದಂತೆ. ಲೇಸರ್ ಒತ್ತಡ ಇಳಿಸುತ್ತದಂತೆ, ಕೆಲವರಿಗೆ ವರ್ಷಗಳ ಮೇಲೆ ಅದರ ಗುಣ ಕಡಿಮೆಯಾಗಿ ಮತ್ತೆ ಮಾಡಬೇಕಾಗುತ್ತದಂತೆ. ಎಲ್ಲ ಅಂತೆಕಂತೆ. ನನಗೋ ನೋವಿಲ್ಲ, ಕೆಂಪಿಲ್ಲ, ಪೇಪರ್ ಸಲೀಸಾಗಿ ಓದುತ್ತೇನೆ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಲು ನಾನೇನು ನಿನ್ನೆ ಮೊನ್ನೆ ಹುಟ್ಟಿದವನೇ?

ಮಗಳು ಮಾತ್ರ ಡಾಕ್ಟರಮ್ಮನ ಪಕ್ಷ. ಅಂಚಿನ ನೋಟ ಅಳೆಯುವ ಪರೀಕ್ಷೆಯಲ್ಲೇ ಇಬ್ಬರ ಬಾಯಿ ಮುಚ್ಚಿಸೋಣ ಎಂದುಕೊಂಡೆ. ಬಟ್ಟಲಿನಂಥ ಯಂತ್ರಕ್ಕೆ ಮುಖವೊಡ್ಡಿ, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬೆಳಕಿಗೆ ಮುಂಚೆ ಯಂತ್ರ ಸಣ್ಣಗೆ ಟಿಕ್ ಎನ್ನುವುದನ್ನು ಹೋದ ವರ್ಷವೇ ಪತ್ತೆ ಮಾಡಿದ್ದೆ. ಕಾಣಲಿ ಬಿಡಲಿ, ಟಿಕ್ ಎಂದರೆ ಒತ್ತುವುದು. ಹೋದ ವರ್ಷ ಹೀಗೇ ಒತ್ತಿ ಫಲಿತಾಂಶದ ಹಾಳೆ ಚೊಕ್ಕವಾಗಿ ಬಂದು ಲೇಸರ್ ಮಾತು ಅಲ್ಲಿಗೇ ನಿಂತಿತ್ತು.

ಈ ಸಲವೂ ಹಾಗೇ ಒತ್ತಿದೆ. ಡಾಕ್ಟರಮ್ಮ ಹಾಳೆಯನ್ನು ಬಹಳ ಹೊತ್ತು ನೋಡಿ ಮಗಳನ್ನು ಒಳಗೆ ಕರೆದರು. ಯಂತ್ರ ನಡುನಡುವೆ ಬೆಳಕು ಬಿಡದೆ ಬರೀ ಸದ್ದು ಮಾಡಿ ಪರೀಕ್ಷಿಸುತ್ತದೆ ಎಂದು ತಿಳಿಸಿದರು.

"ಹತ್ತು ಸಲ ಬೆಳಕೇ ಇರ್ಲಿಲ್ಲ. ಎಂಟು ಸಲ ಒತ್ತಿದ್ದೀರ."

ಟಿಕೆಟ್ಟಿಲ್ಲದೆ ನನ್ನ ಕೈಗೆ ಸಿಕ್ಕಿಬಿದ್ದವರು ನಿಲ್ಲುತ್ತಿದ್ದ ಹಾಗೆ ತಲೆ ತಗ್ಗಿಸಿ ನಿಂತೆ.

ಮತ್ತೆ ಪರೀಕ್ಷೆ, ಈ ಬಾರಿ ಪ್ರಾಮಾಣಿಕವಾಗಿ. ಟಿಕ್, ಟಿಕ್, ಟಿಕ್. ಅರ್ಧಕ್ಕರ್ಧ ಸಲ ಬೆಳಕೇ ಕಾಣದೆ ಬೆರಳಿಗೆ ಕೆಲಸ ಬರಲಿಲ್ಲ. ಆಗ ನಿಜಕ್ಕೂ ಹೆದರಿದೆ. ಹೊಸ ಹಾಳೆಯ ಮೇಲ್ಭಾಗ ಪೂರ್ತಿ ಕಪ್ಪಾಗಿತ್ತು, ಅಷ್ಟು ನೋಟ ಹೋಗಿತ್ತು.

"ಹೋದ ವರ್ಷಾನೇ ಒತ್ತಡ ಸ್ವಲ್ಪ ಏರಿತ್ತು. ಹಾಳೆ ಚೆನ್ನಾಗಿದೆಯಲ್ಲ ಅಂತ ಕಾದೆ," ಎಂದರು ಡಾಕ್ಟರಮ್ಮ. ಸುಳ್ಳು ಒತ್ತುಗಳ ಎಚ್ಚರಿಕೆಯ ಗುರುತು ಹೋದ ವರ್ಷದ ಹಾಳೆಯ ಮೂಲೆಯಲ್ಲೂ ಇತ್ತು, ತಾವೂ ಗಮನಿಸಲಿಲ್ಲ ಎಂದು ಒಪ್ಪಿಕೊಂಡರು.

ಈಗ ಲೇಸರ್ ಮಾಡಿದರೆ ಈ ಕಪ್ಪು ಹೋಗುತ್ತದೆಯೇ ಎಂದು ಮಗಳು ಕೇಳಿದಳು.

"ಇಲ್ಲಮ್ಮ. ಮಿಕ್ಕಿದ್ದನ್ನ ಕಾಪಾಡ್ಕೋಬಹುದು, ಅಷ್ಟೆ."

ಇವತ್ತೇ ಮಾಡಿಬಿಡಿ ಎಂದೆ.

ಮಗಳು ನನ್ನ ಕಡೆ ತಿರುಗಿದಳು. "ಅಪ್ಪಾ, ದಿನಾ ಎರಡು ಹೊತ್ತೂ ಕಣ್ಣಿಗೆ ಹನಿ ಹಾಕ್ಕೊಂಡೆ ಅಂತೀಯಲ್ಲ, ಅದಾದ್ರೂ ನಿಜಾನಾ?"

ನಿಜ, ಒಂದು ದಿನವೂ ತಪ್ಪಿಸಿಲ್ಲ ಎಂದೆ. ಅದು ಸತ್ಯವೇ ಆಗಿತ್ತು. ನಿಜವೇ ಎಂಬಂತೆ ಅವಳು ಡಾಕ್ಟರಮ್ಮನ ಮುಖ ನೋಡಿದಳು.