ಒಂದೇ ಅಗಲದ ಪಟ್ಟಿ

ಪಕ್ಕದ ಹಾಸಿಗೆಯ ಕಂಡಕ್ಟರಮ್ಮ ಆಪರೇಷನ್ ಆದ ಮರುದಿನವೇ ಎದ್ದು ನಿಂತಳು. ಅವತ್ತಿನಿಂದ ನನ್ನ ಹೊಟ್ಟೆ ಉರಿಯಲು ಶುರುವಾಯಿತು. ಗಾಯದ ಉರಿಗಾದರೆ ನರ್ಸು ಮಾತ್ರೆ ಕೊಡುತ್ತಿದ್ದಳು, ಈ ಉರಿಗೆ ಮದ್ದಿರಲಿಲ್ಲ.

ನಮ್ಮಿಬ್ಬರದೂ ಒಂದೇ ಕಾಯಿಲೆ. ಕರುಳಿನಲ್ಲಿ ಹುಟ್ಟಿದ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಕರುಳಿನದನ್ನು ಮೊದಲೇ ತೆಗೆಸಿಕೊಂಡಿದ್ದೆವು, ಈಗ ಲಿವರಿನ ಸರದಿ. ಅದಕ್ಕೆ ಎರಡು ದಾರಿ ಎಂದರು ಡಾಕ್ಟರು. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ತೆಗೆಯುವುದು ಒಂದು. ಸಣ್ಣ ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಬಿಟ್ಟು, ಟಿ.ವಿ.ಯಲ್ಲಿ ನೋಡಿಕೊಂಡು ತೆಗೆಯುವುದು ಇನ್ನೊಂದು. ಯಾವುದು ಮೇಲು ಎಂದು ಆಸ್ಪತ್ರೆಯವರು ಹೋಲಿಸಿ ನೋಡುತ್ತಿದ್ದರು. ನಮ್ಮನ್ನೂ ಕೇಳಿದರು, ಒಪ್ಪಿದೆವು. ಯಾರಿಗೆ ಯಾವುದು ಎಂದು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹೇಳುತ್ತದಂತೆ.

ಇನ್ನೊಂದು ಕಟ್ಟಳೆಯೂ ಇತ್ತು. ಯಾವ ಆಪರೇಷನ್ ಆಗಿದ್ದರೂ ಎದೆಯಿಂದ ಹೊಕ್ಕುಳಿನ ಕೆಳಗಿನವರೆಗೆ ಒಂದೇ ಅಗಲದ ಪಟ್ಟಿ ಹಾಕುತ್ತಾರೆ. ಕೆಲವು ದಿನ ಅದನ್ನು ಬಿಚ್ಚುವಂತಿಲ್ಲ. ಒಳಗೇನಿದೆ ಎಂದು ರೋಗಿಗೂ ಗೊತ್ತಾಗಬಾರದು, ವಾರ್ಡಿನ ನರ್ಸಿಗೂ ಗೊತ್ತಾಗಬಾರದು. ಗೊತ್ತಾದರೆ ತೂತಿನವರು ನೋವೇ ಇಲ್ಲ ಅನ್ನುತ್ತಾರೆ, ಕೊಯ್ಸಿಕೊಂಡವರು ಸತ್ತೇಹೋದೆ ಅನ್ನುತ್ತಾರೆ, ಆಮೇಲೆ ಹೋಲಿಸುವುದು ಏನನ್ನು?

ನನಗೆ ಬೇಕಾಗಿದ್ದದ್ದು ಒಂದೇ, ಬೇಗ ಎದ್ದು ಓಡಾಡುವುದು. ಮೈ ಚೇತರಿಸಿಕೊಂಡವರಿಗೆ ಮಾತ್ರ ಮುಂದಿನ ಡ್ರಿಪ್ ಔಷಧಿ. ಕಾಯಿಲೆಯ ಕಣ್ಣಿಗೆ ಕಾಣದ ಬೇರು ಏನಾದರೂ ಒಳಗೆ ಉಳಿದಿದ್ದರೆ, ಔಷಧಿ ತಡವಾದಷ್ಟೂ ಅದು ಚಿಗುರಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು.

ನಾನು ಟೈಲರು. ಬಟ್ಟೆಯೊಳಗೆ ಮೈ ಹೇಗೆ ಆಡುತ್ತದೆ ಎಂದು ನೋಡಿ ನೋಡಿ ಕಣ್ಣು ಪಳಗಿದೆ. ಹೊಲಿಗೆ ಎಲ್ಲಿ ಎಳೆಯುತ್ತಿದೆ ಎಂದು ಗಿರಾಕಿ ಬಾಯಿ ಬಿಡುವ ಮೊದಲೇ ಹೇಳಬಲ್ಲೆ. ಕಂಡಕ್ಟರಮ್ಮ ಬಸ್ಸಿನಲ್ಲಿ ಕಂಬಿ ಹಿಡಿದಂತೆ ಮಂಚದ ಕಂಬಿ ಹಿಡಿಯುತ್ತ, ಬೆನ್ನು ನೆಟ್ಟಗಿಟ್ಟು ನಡೆಯುವುದನ್ನು ನೋಡಿದೆ. ಅವಳಿಗೆ ತೂತು, ನನಗೆ ಕೊಯ್ತ ಎಂದು ಮಲಗಿದಲ್ಲೇ ತೀರ್ಪು ಕೊಟ್ಟುಬಿಟ್ಟೆ.

ನಮ್ಮೆಜಮಾನರು ಬೇರೆ. ಅಂಗಡಿಯಲ್ಲಿ ಗುಂಡಿ ಹಾಕುವುದು ಅವರ ಕೆಲಸ, ಆಸ್ಪತ್ರೆಯಲ್ಲಿ ಗಾಯಕ್ಕೆ ಉಪ್ಪು ಸವರುವುದು.

"ನೋಡೇ, ಆಯಮ್ಮ ಆ ತುದಿ ಮುಟ್ಟಿ ಬಂದ್ರು."

"ನಂಗೂ ಕಣ್ಣಿದೆ."

"ನಗ್ತಾ ಬೇರೆ ಇದಾರೆ."

"ಅವ್ರಿಗೇನ್ರೀ, ತೂತಿಂದು! ನನ್ನ ಹಾಗೆ ಉದ್ದಕ್ಕೆ ಸೀಳಿಸ್ಕೊಂಡಿದ್ರೆ ಗೊತ್ತಾಗೋದು."

ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಅವಳು ಹತ್ತಿರ ಬಂದಾಗ ಅವಳ ಮುಖಕ್ಕೇ ಹೇಳಿದೆ. "ನಿಮ್ದು ತೂತಿಂದು ಬಿಡಿ, ಕಂಡಕ್ಟರಮ್ಮ. ನಡಿಗೇಲೇ ತಿಳಿಯುತ್ತೆ. ಟೈಲರ್ ಕಣ್ಣು ಸುಳ್ಳು ಹೇಳಲ್ಲ." ನಿನ್ನದೇನು ಮಹಾ ಎಂದು ಚುಚ್ಚುವುದು ನನ್ನ ಉದ್ದೇಶ. ಅವಳ ಮುಖ ಅರಳಿತು.

"ಹೌದೇನ್ರೀ? ನಿಜ್ವಾಗ್ಲೂ? ಅಯ್ಯೋ, ಹಾಗಾದ್ರೆ ನಾನ್ಯಾಕೆ ಹೆದರ್ಲಿ!"

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ವಾರ್ಡು ದಾಟಿ ಕಾರಿಡಾರಿಗೆ ಹೋದಳು. ಬಾಗಿಲಲ್ಲಿ ಗುಂಪುಗಟ್ಟಿದ್ದ ನೆಂಟರಿಷ್ಟರಿಗೆ "ಮುಂದೆ ನಡೀರಿ, ಮುಂದೆ ಜಾಗ ಇದೆ" ಎಂದು ಕೂಗಿದಳು. ವಾರ್ಡೆಲ್ಲ ನಕ್ಕಿತು. ನಮ್ಮೆಜಮಾನರಂತೂ ಕಣ್ಣೀರು ಬರುವಷ್ಟು ನಕ್ಕರು. ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕ ನೆನಪಿಲ್ಲ. ನಾನು ದಿಂಬು ಅವುಚಿಕೊಂಡು ಗೋಡೆಯ ಕಡೆ ತಿರುಗಿದೆ.

ನರ್ಸು ಬಂದು ಏಳಿಸಲು ನೋಡಿದಳು. "ಕೊಯ್ದಿರೋ ಹೊಟ್ಟೆ ಕಣಮ್ಮ, ಬಿಚ್ಕೊಂಡ್ರೆ ನೀನು ಹೊಲೀತೀಯಾ?" ಎಂದು ಗದರಿಸಿ ಕಳಿಸಿದೆ. ಮಲಗಿ ಮಲಗಿ ಜ್ವರ ಬಂತು. ಡಾಕ್ಟರು ಎದೆ ಪರೀಕ್ಷಿಸಿ ಹುಬ್ಬು ಗಂಟಿಕ್ಕಿದರು. "ಕಫ ಕಟ್ಕೊಂಡಿದೆ. ಓಡಾಡ್ಲಿಲ್ಲ ಅಂದ್ರೆ ನಿಮ್ಮ ಡ್ರಿಪ್ಪು ಮುಂದಕ್ಕೆ ಹೋಗುತ್ತೆ." ಹಾಗೆಂದವರು ಪಕ್ಕಕ್ಕೆ ತಿರುಗಿ, "ನೀವು ಬೇಗ ಶುರು ಮಾಡ್ಬಹುದು" ಎಂದು ಕಂಡಕ್ಟರಮ್ಮನಿಗೆ ಹೇಳಿದರು. ಜೀವಭಯಕ್ಕಿಂತ ಆ ಎರಡನೆಯ ಮಾತೇ ನನ್ನನ್ನು ಹೆಚ್ಚು ಸುಟ್ಟಿತು.

ಪಟ್ಟಿ ಬಿಚ್ಚುವ ದಿನ ಬಂತು. ಮೊದಲು ನನ್ನದು. ಬಗ್ಗಿ ನೋಡಿಕೊಂಡೆ. ಅಲ್ಲೊಂದು ಇಲ್ಲೊಂದು ಅಂಗಿಯ ಗುಂಡಿ ಮನೆಯಷ್ಟು ತೂತುಗಳು, ಕೆಳಗೆ ಜೇಬಿನ ಬಾಯಿಯಂಥ ಒಂದು ಪುಟ್ಟ ಸೀಳು. ಅಷ್ಟೇ.

"ಉಳಿದದ್ದೆಲ್ಲಿ?" ಎಂದೆ.

"ಉಳಿದದ್ದು ಇಲ್ಲಮ್ಮ, ನಿಮ್ಮದು ತೂತಿನದು" ಎಂದರು ಡಾಕ್ಟರು. ನಮ್ಮೆಜಮಾನರು ಬಾಯಿಗೆ ಟವೆಲ್ ಒತ್ತಿಕೊಂಡರು.

ಪರದೆಯ ಆಚೆ ಕಂಡಕ್ಟರಮ್ಮನ ಪಟ್ಟಿ ಬಿಚ್ಚುತ್ತಿದ್ದರು. ಅವಳು ಸಣ್ಣ ದನಿಯಲ್ಲಿ "ಇಷ್ಟುದ್ದನಾ?" ಎಂದದ್ದು ಕೇಳಿಸಿತು.

ಅವತ್ತು ಅವಳು ಏಳಲಿಲ್ಲ. ಮಧ್ಯಾಹ್ನ ಕಾಲು ಕೆಳಗಿಟ್ಟವಳು ಹೊಟ್ಟೆ ಹಿಡಿದುಕೊಂಡು ಹಾಗೇ ಒರಗಿದಳು. ನರ್ಸು ಬೇಡಿಕೊಂಡರೂ ಇಲ್ಲ, ಡಾಕ್ಟರು ಗದರಿದರೂ ಇಲ್ಲ. ನಿಜ ಹೇಳುತ್ತೇನೆ, ಒಂದು ಗಳಿಗೆ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂದೇ ಗಳಿಗೆ. ಅವಳು ಗೋಡೆಯ ಕಡೆ ತಿರುಗಿ ದಿಂಬು ಅವುಚಿಕೊಂಡಳು. ಆ ಭಂಗಿ ನನ್ನದು, ಮುಂದೆ ಬರುವ ಕಫವೂ ಜ್ವರವೂ ನನಗೆ ಗೊತ್ತಿದ್ದವು.

ಮಂಚದ ಕಂಬಿ ಹಿಡಿದು ಎದ್ದೆ. ಎದೆ ಗೊರಗೊರ ಎಂದಿತು. ಅವಳ ಮಂಚದವರೆಗೆ ಹೋಗುವಷ್ಟರಲ್ಲಿ ಬೆವರಿಳಿಯಿತು.

"ತೋರ್ಸಿ ನೋಡೋಣ" ಎಂದೆ. ಅವಳು ಅಂಗಿ ಎತ್ತಿದಳು. ಪಕ್ಕೆಲುಬಿನ ಕೆಳಗೆ ಕಾಲರಿನ ಹಾಗೆ ಬಾಗಿದ ಉದ್ದನೆಯ ಗೆರೆ. ಎಲ್ಲೂ ಸುಕ್ಕಿಲ್ಲ, ಎಳೆತವಿಲ್ಲ.

"ಒಳ್ಳೇ ಹೊಲಿಗೆ ಕಣ್ರೀ. ಇದನ್ನಿಟ್ಕೊಂಡೇ ನಿನ್ನೆ ಕಾರಿಡಾರೆಲ್ಲ ಸುತ್ತಿದ್ರಿ. ಇವತ್ತು ಕಣ್ಣಿಗೆ ಬಿತ್ತು ಅಂತ ಬಿಚ್ಕೊಂಡ್ಬಿಡುತ್ತಾ?"

"ನಿನ್ನೆ ನಂಗೆ ಗೊತ್ತಿರ್ಲಿಲ್ಲ." ಅವಳು ಅಂಗಿ ಇಳಿಸಿದಳು. "ಮೊದಲ ದಿನ ನಾನು ನಗ್ತಿದ್ದಿದ್ದು ನೋವು ಮುಚ್ಕೊಳ್ಳೋಕೆ. ಸಾಕು, ಇನ್ನು ಏಳಲ್ಲ ಅಂದ್ಕೊಂಡಿದ್ದೆ. ನೀವು ತೂತಿಂದು ಅಂದ್ರಲ್ಲ, ಆ ಮಾತು ಹಿಡ್ಕೊಂಡು ನಡೆದೆ."

ಹೊಟ್ಟೆಕಿಚ್ಚಿನಿಂದ ಆಡಿದ ಮಾತನ್ನು ಅವಳು ಊರುಗೋಲು ಮಾಡಿಕೊಂಡಿದ್ದಳು. ನಾನು ಮೊಣಕೈ ಮುಂದೆ ಚಾಚಿದೆ. ಅವಳು ಅದನ್ನು ಹಿಡಿದುಕೊಂಡು ಎದ್ದಳು. ಇಬ್ಬರೂ ಮಂಚದಿಂದ ಮಂಚಕ್ಕೆ ಹೆಜ್ಜೆ ಹಾಕಿದೆವು.

ಹಿಂದಿನಿಂದ ನಮ್ಮೆಜಮಾನರ ದನಿ ಬಂತು. "ಅಷ್ಟುದ್ದ ಗಾಯ ಇಟ್ಕೊಂಡು ಆಯಮ್ಮ ಎಷ್ಟು ಚೆನ್ನಾಗಿ ನಡೀತಾರೆ ನೋಡೇ!"

ಉರಿ ಮತ್ತೆ ಭಗ್ ಎಂದಿತು. ಕೈ ಬಿಡಿಸಿಕೊಳ್ಳಲು ಹೋದರೆ ಅವಳು ಬಿಡಲಿಲ್ಲ. ಬಾಗಿಲ ಹತ್ತಿರ ಕೆಮ್ಮು ಬಂದು ನಾನು ನಿಂತುಬಿಟ್ಟೆ. ಇನ್ನು ಆಗಲ್ಲ ಅನ್ನಿಸಿತು.

ಅವಳೂ ಏದುಸಿರು ಬಿಡುತ್ತಿದ್ದಳು. ಆದರೂ ನನ್ನ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಅಂದಳು, "ನಡೀರಿ ಟೈಲರಮ್ಮ, ಮುಂದೆ ಜಾಗ ಇದೆ."