ಮುಟ್ಟದ ಸೀಸೆ

"ನೀವೂ ಎರಡು ಹನಿ ಬಿಡಿ ಮೇಡಂ," ಎಂದು ಪರಶುರಾಮ ತಂಬಿಗೆಯನ್ನು ಪ್ರಿಯದರ್ಶಿನಿಯ ಕೈಗಿಟ್ಟ. ಚಟ್ಟದ ಮೇಲೆ ಅವನ ಅಪ್ಪ ಹೂವಪ್ಪ ಮಲಗಿದ್ದ. ಆ ಒಣತುಟಿಗೆ ನೀರು ಬಿಡುವಾಗ ಅವಳ ಕೈ ನಡುಗಿ ನೀರೆಲ್ಲ ಗದ್ದಕ್ಕೆ ಹರಿಯಿತು. ಶಿವಮೊಗ್ಗದಿಂದ ಭದ್ರಾವತಿಯವರೆಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತಿಗೆ ತಡವಾಗಿತ್ತು.

"ಇಪ್ಪತ್ತಾರು ವರ್ಷ ಲ್ಯಾಬಲ್ಲಿ ಗಾಜಿನ ಸಾಮಾನು ತೊಳ್ದ. ಒಂದೂ ಒಡ್ದಿರ್ಲಿಲ್ಲ ಮಾರಾಯ," ಎಂದ ಪಕ್ಕದ ಮನೆಯ ಪ್ರಕಾಶ್. "ಅಂಥವನ್ನ ಕೈ ನಡುಗುತ್ತೆ ಅಂತ ಕೆಲಸದಿಂದ ಕಳಿಸಿದ್ರು. ಯಾರೋ ಕಂಪ್ಲೇಂಟ್ ಬರೆದಿದ್ರಂತೆ."

ಆ ಯಾರೋ ಅವನ ಪಕ್ಕದಲ್ಲೇ ನಿಂತಿದ್ದಳು.

*

ಆರು ತಿಂಗಳ ಹಿಂದೆ, ಒಂದನ್ನೊಂದು ಸೆಳೆಯುವ ಎರಡು ಬಗೆಯ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಬೆರೆಸಿ, ಅವಳು ತನ್ನ ಸಂಶೋಧನೆಗೆಂದು ಸೀಸೆಯಲ್ಲಿಟ್ಟಿದ್ದಳು. ಕಣಗಳು ಕೈಕೈ ಹಿಡಿದು ಬಲೆಯಾಗಿ, ನೀರು ಮೊಸರಿನಂತೆ ಗಟ್ಟಿ ನಿಂತಿತ್ತು. ಹತ್ತೊಂಬತ್ತನೇ ದಿನ ಬಂದು ನೋಡಿದರೆ ಬಿಳಿಯೆಲ್ಲ ತಳ ಸೇರಿತ್ತು.

"ನಾನು ಮುಟ್ಟಿಲ್ಲ ಮೇಡಂ. ಟೇಬಲ್ ಸಹ ಒರೆಸಿಲ್ಲ," ಎಂದ ಹೂವಪ್ಪ.

"ಮುಟ್ಟದೆ ತಾನಾಗೇ ಬೀಳುತ್ತಾ?" ಎಂದು ರೇಗಿ, ಇವನ ಕೈ ನಡುಗುತ್ತದೆ ಎಂದು ಅವಳು ಅಂದೇ ಪತ್ರ ಬರೆದಳು. ಗುತ್ತಿಗೆಯ ಕೆಲಸ, ಒಂದು ಪತ್ರ ಸಾಕಾಯಿತು.

ಹೋದ ತಿಂಗಳು ಹೊಸ ಸೀಸೆಯನ್ನು ಬೀಗದೊಳಗಿಟ್ಟು ಕೀಲಿ ತಾನೇ ಇಟ್ಟುಕೊಂಡಳು. ಅದೂ ಹತ್ತೊಂಬತ್ತನೇ ದಿನ ಕುಸಿಯಿತು. ಬಲೆ ಒಳಗೊಳಗೇ ಸಡಿಲವಾಗಿ, ಒಂದು ದಿನ ತನ್ನ ಭಾರಕ್ಕೆ ತಾನೇ ಕೂರುತ್ತಿತ್ತು. ನಾಳೆ ಹೋಗಿ ಹೇಳೋಣ, ನಾಡಿದ್ದು ಹೇಳೋಣ ಎಂದು ನಾಚಿಕೆಯಲ್ಲೇ ದಿನ ದೂಡಿದಳು. ಕೊನೆಗೆ ಬಸ್ಸು ಹತ್ತಿ ಬಂದರೆ ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು.

*

ಚಟ್ಟ ಕೇರಿ ದಾಟಿತು. ಪ್ರಿಯದರ್ಶಿನಿ ಹೂವಪ್ಪನ ಹೆಂಡತಿ ಚೌಡಮ್ಮನ ಕಾಲ ಬಳಿ ಕೂತಳು.

"ಅವರು ಮುಟ್ಟಿರಲಿಲ್ಲಮ್ಮ. ಅದು ತಾನಾಗೇ ಬಿದ್ದಿದ್ದು. ತಪ್ಪು ನಂದು."

"ನಂಗ್ಯಾಕೆ ಹೇಳ್ತೀರಿ? ಕೇಳ್ಬೇಕಾದವ್ರು ಈಗ ಹೋದ್ರಲ್ಲ."

ಅಳು ಒತ್ತರಿಸಿ ಬಂದರೂ ಚೌಡಮ್ಮ ಎದ್ದು ಒಳಗೆ ಕರೆದೊಯ್ದು ಗೋಡೆಯ ಗೂಡು ತೋರಿಸಿದಳು.

"ನೀವು ಚೆಲ್ಲು ಅಂದಿದ್ದ ಸೀಸೆ. ತಂದು ಚೆನ್ನಾಗಿ ಕುಲುಕಿ ಇಲ್ಲಿಟ್ರು, ಮತ್ತೆ ಮೊಸರಿನಂಗೆ ನಿಂತ್ಕೊಳ್ತು. ಆಮೇಲೆ ಒಬ್ರನ್ನೂ ಹತ್ರ ಬಿಡ್ಲಿಲ್ಲ. ಅದು ತಾನಾಗೇ ಬಿದ್ಮೇಲೆ ತಗೊಂಡ್ಹೋಗಿ ತೋರ್ಸಿ ಅಂದೆ. ದಾರೀಲಿ ಅಲುಗಿದ್ರೆ ಮತ್ತೆ ನನ್ನೇ ಅಂತಾರೆ, ಮೇಡಂ ಇಲ್ಲೇ ಬಂದು ನೋಡ್ಲಿ ಅಂದ್ರು. ಕಾಯ್ತಾನೇ ಇದ್ರು."

ಸೀಸೆಯ ತಳದಲ್ಲಿ ಬಿಳಿ, ಮೇಲೆ ತಿಳಿನೀರು. ಅಂಟಿಸಿದ ಚೀಟಿಯ ಮೇಲೆ ದಿನಕ್ಕೊಂದರಂತೆ ಪೆನ್ಸಿಲ್ ಗೀಟು. ಹತ್ತೊಂಬತ್ತು ಗೀಟುಗಳು, ಸ್ಕೇಲಿಲ್ಲದೆ ಎಳೆದವು. ಒಂದೂ ನಡುಗಿರಲಿಲ್ಲ.