ಸುತ್ತದೆ ಮರಳಿದ ಕ್ಯಾಸೆಟ್ಟುಗಳು

ಮಳೆ ತೊಳೆದು ಬಿಟ್ಟ ಆಕಾಶದಿಂದ ಇಳಿಯುವ ಅಪರಾಹ್ಣದ ಬೆಳಕಿಗೆ ಒಂದು ದೊಡ್ಡತನವಿದೆ; ಹೊಸ ಅಂಗಡಿಯ ಗಾಜು, ಹಳೆಯ ಅಂಗಡಿಯ ಗಾಜು ಎಂದು ಅದು ಭೇದವೆಣಿಸುವುದಿಲ್ಲ, ಎಲ್ಲವನ್ನೂ ಒಂದೇ ಔದಾರ್ಯದಿಂದ ಹೊನ್ನಾಗಿಸುತ್ತದೆ. ಪೇಟೆಯ ಮುಖ್ಯಬೀದಿಯಲ್ಲಿ ಅಂದು ಅಂಥದೇ ಬೆಳಕು! ಬೂಟಿನ ಅಂಗಡಿಯ ಫಲಕ, ಔಷಧದಂಗಡಿಯ ಹಸಿರು ದೀಪ, ಬಸ್ಸಿಗೆ ಕಾದವರ ಕೊಡೆಗಳಿಂದ ತೊಟ್ಟಿಕ್ಕುವ ಕೊನೆಯ ಹನಿಗಳು... ಎಲ್ಲವೂ ಯಾರದೋ ಸುಖಸ್ವಪ್ನದಿಂದ ಈಗಷ್ಟೇ ಎದ್ದು ಬಂದಂತೆ ಮಿನುಗುತ್ತಿದ್ದವು. ಆ ಕಾಂತಿಪ್ರವಾಹವು ಬೀದಿಯುದ್ದಕ್ಕೂ ಹರಿದು, ತಿರುವಿನಲ್ಲಿದ್ದ ವಿಡಿಯೋ ಅಂಗಡಿಯ ಕಿಟಕಿಯನ್ನು ಮುಟ್ಟಿ, ಅಲ್ಲಿ ಅಂಟಿಸಿದ್ದ ಬಿಳಿಯ ಕಾಗದದ ಮೇಲೆ ಕ್ಷಣಕಾಲ ತಡೆದು ನಿಂತಿತು. 'ಶನಿವಾರ ಅಂಗಡಿ ಮುಚ್ಚುತ್ತದೆ. ಒಯ್ದ ಚಿತ್ರಗಳನ್ನು ದಯವಿಟ್ಟು ಹಿಂತಿರುಗಿಸಿ.'

ಸಹೃದಯ ಓದುಗರೇ, ನೀವೂ ಒಂದು ಕಾಲಕ್ಕೆ ಇಂಥ ಅಂಗಡಿಯ ಕಪಾಟುಗಳ ನಡುವೆ, ಕ್ಯಾಸೆಟ್ಟುಗಳ ಬೆನ್ನಿನ ಮೇಲಿನ ಹೆಸರು ಓದಲೆಂದು ಕತ್ತು ಓರೆ ಮಾಡಿಕೊಂಡು ಅಲೆದವರೇ ಇರಬೇಕು! ಒಂದು ಚಿತ್ರಕ್ಕಾಗಿ ಇಡೀ ಮನೆ ಜಗಳವಾಡಿದ್ದೂ, ಕೊನೆಗೆ ಯಾರಿಗೂ ಬೇಡದ ಮೂರನೆಯದನ್ನು ಹೊತ್ತು ಹೋಗಿ ಎಲ್ಲರೂ ಮೆಚ್ಚಿಕೊಂಡದ್ದೂ ನೆನಪಿರಬೇಕು. ಈಗ ಸಿನಿಮಾಗಳು ಬೆರಳ ತುದಿಗೇ ಬಂದು ಕೂತಿವೆ. ಹುಡುಕುವ ಶ್ರಮವಿಲ್ಲ, ಹಿಂತಿರುಗಿಸುವ ಹಂಗಿಲ್ಲ. ಹಂಗಿರುವ ಕಡೆ ಜನ ಏಕೆ ಬಂದಾರು?

ಅಂಗಡಿಯನ್ನು ನಡೆಸುತ್ತಿದ್ದವಳನ್ನು ಬೀದಿಯೆಲ್ಲ ಕ್ಯಾಸೆಟ್ಟಕ್ಕ ಎನ್ನುತ್ತಿತ್ತು. ತಂದೆ ಕಟ್ಟಿದ ಅಂಗಡಿ. ತಂದೆಯ ನಂತರ ಅವಳದು. ಒಳಗೆ ಬಂದವರ ಮುಖ ನೋಡಿಯೇ, ಇವರಿಗೆ ಈ ವಾರ ನಗಿಸುವುದು ಬೇಕೋ ಅಳಿಸುವುದು ಬೇಕೋ ಹೇಳಬಲ್ಲವಳು. ತಂದೆಯಿಂದ ಬಂದ ಒಂದು ವ್ರತವನ್ನೂ ಪಾಲಿಸುತ್ತಿದ್ದಳು: ಮರಳಿ ಬಂದ ಕ್ಯಾಸೆಟ್ಟನ್ನು ಮೊದಲಿನವರೆಗೆ ಸುತ್ತದೆ ಕಪಾಟಿಗೆ ಸೇರಿಸಬಾರದು. "ಒಬ್ಬರು ಎಲ್ಲಿ ಅತ್ತು ನಿಲ್ಲಿಸಿದರೋ ಅಲ್ಲಿಂದ ಇನ್ನೊಬ್ಬರು ಶುರು ಮಾಡಬಾರದಮ್ಮ" ಎನ್ನುತ್ತಿದ್ದರು ಅವರು. ಅದಕ್ಕೆಂದೇ ಗಲ್ಲಾದ ಪಕ್ಕ ಒಂದು ಪುಟ್ಟ ಸುತ್ತುಯಂತ್ರವಿತ್ತು. ಕ್ಯಾಸೆಟ್ಟು ಬಾಯಿಗಿಟ್ಟೊಡನೆ ಗುರ್ರೆಂದು, ಕಥೆಯನ್ನೆಲ್ಲ ನುಂಗಿ, ಟಕ್ಕೆಂದು ಆರಂಭದಲ್ಲಿ ನಿಲ್ಲುತ್ತಿತ್ತು.

ಈ ವ್ರತವನ್ನು ಪರೀಕ್ಷೆಗೊಡ್ಡುತ್ತಿದ್ದವರು ಒಬ್ಬರೇ... ಹಲ್ಲಿನ ಮೇಷ್ಟ್ರು! ಅವರು ಪಾಠ ಹೇಳುವ ಮೇಷ್ಟ್ರಲ್ಲ; ಮಾತಿಗಿಂತ ಮೌನವೇ ಹೆಚ್ಚಾಗಿದ್ದ ಗಾಂಭೀರ್ಯಕ್ಕೆ ಬೀದಿ ಕೊಟ್ಟ ಬಿರುದು ಅದು. ಪಕ್ಕದ ಕಟ್ಟಡದ ಮಹಡಿಯಲ್ಲಿ ಕೂತು ಹಲ್ಲಿನ ಸೆಟ್ಟು ಕಟ್ಟುವುದು ಅವರ ಕಸುಬು. ಹೆಂಡತಿಯನ್ನು ಕಳೆದುಕೊಂಡು ಬಹುಕಾಲವಾಗಿದ್ದ, ನಡುವಯಸ್ಸು ದಾಟುತ್ತಿದ್ದ ಮನುಷ್ಯ. ಎಷ್ಟೋ ಬಾಯಿಗಳಿಗೆ ಮಾತು ಮರಳಿಸಿದ ಆ ಕೈಗಳು ತಮ್ಮೊಡೆಯನ ಬಾಯಿಗೆ ಮಾತ್ರ ಏನೂ ಮಾಡಲಾರದೆ ಸೋತಿದ್ದವು! ಶನಿವಾರ ಒಂದು ಚಿತ್ರ ಒಯ್ಯುವರು, ಮಂಗಳವಾರ ತಂದಿಡುವರು. ಡಿಸ್ಕುಗಳು ಬಂದ ಮೇಲೂ ಕ್ಯಾಸೆಟ್ಟೇ ಬೇಕೆನ್ನುವರು. ಒಮ್ಮೆಯಾದರೂ ಸುತ್ತಿ ತಂದವರಲ್ಲ.

"ಏನ್ ಮೇಷ್ಟ್ರೇ, ಊರಿಗೆಲ್ಲ ಹಲ್ಲು ಕಟ್ಟಿ ಕೊಡ್ತೀರಿ, ಒಂದು ಗುಂಡಿ ಒತ್ತೋಕೆ ಬರಲ್ವಾ?"

"ಮರೆತೆ. ಕ್ಷಮಿಸಿ."

"ಮರೆಯೋಕೂ ಒಂದು ಲೆಕ್ಕ ಬೇಡ್ವಾ? ನಿಮ್ಮಿಂದ ನನ್ನ ಯಂತ್ರ ಸವೆದು ಹೋಯ್ತು!"

ಅವರು ತಲೆತಗ್ಗಿಸಿ, ತೋಳಿಗಂಟಿದ, ಹಲ್ಲಿನ ಅಚ್ಚೆರೆಯುವ ಸುಣ್ಣದ ಹುಡಿ ಕೊಡವಿಕೊಂಡು ಹೊರಡುವರು. ಅವಳು ಅವರ ಬೆನ್ನ ಹಿಂದೆಯೇ ಕ್ಯಾಸೆಟ್ಟನ್ನು ಯಂತ್ರಕ್ಕಿಡುವಳು. ಆದರೆ ಓದುಗರೇ, ಗದರಿಸಿದ ಆ ಹೆಣ್ಣೇ ಮಂಗಳವಾರಗಳ ಬೆಳಗು ಕಿಟಕಿಯ ಗಾಜನ್ನು ಎರಡೆರಡು ಸಲ ಒರೆಸುತ್ತಿದ್ದಳು! ಬೀದಿಯ ಆ ತುದಿಯಿಂದ ಬರುವ ನಿಧಾನದ ನಡಿಗೆಯೊಂದನ್ನು ತಡವಿಲ್ಲದೆ ಕಾಣಬೇಕೆಂಬ ಆಸೆ, ಹೊಗೆಯಿಲ್ಲದ ದೀಪದಂತೆ, ಅವಳೊಳಗೆ ಎಷ್ಟೋ ಋತುಗಳಿಂದ ಉರಿಯುತ್ತಿತ್ತು. ಅಂಗಡಿ ಮುಚ್ಚುವ ದುಃಖವನ್ನು ಅವಳು ಯಾರೆದುರಿಗಾದರೂ ಹೇಳಿಕೊಳ್ಳಬಲ್ಲಳು. ಇನ್ನು ಮೇಲೆ ಮಂಗಳವಾರಗಳೇ ಇಲ್ಲವೆಂಬುದನ್ನು ಯಾರಿಗೆ ಹೇಳುವುದು?

ಸುತ್ತುಯಂತ್ರ ಹೋದ ತಿಂಗಳು ಕೆಟ್ಟಿತ್ತು. ಮುಚ್ಚುವ ಅಂಗಡಿಗೆ ರಿಪೇರಿ ಯಾಕೆಂದು ಅವಳು ಸುಮ್ಮನಿದ್ದಳು. ಮೇಷ್ಟ್ರು ತಂದಿಟ್ಟ ಕ್ಯಾಸೆಟ್ಟುಗಳು ಇದ್ದಂತೆಯೇ ಮೇಜಿನ ಕೆಳಗೆ ಬಿದ್ದಿದ್ದವು. ಆ ಅಪರಾಹ್ಣ, ಎಲ್ಲವನ್ನೂ ಒಟ್ಟಿಗೆ ಕೊಳ್ಳಲಿರುವವನಿಗಾಗಿ ಟೇಪು ಸರಿಯಿದೆಯೇ ಎಂದು ನೋಡುತ್ತಿದ್ದ ಅವಳ ತಂಗಿ, ಅವುಗಳಲ್ಲಿ ಒಂದನ್ನು ಅಂಗಡಿಯ ಟೀವಿಗೆ ಹಾಕಿದಳು.

ಪರದೆಯ ಮೇಲೆ ರೈಲು ನಿಲ್ದಾಣ. ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಏನೋ ಹೇಳಲು ಬಾಯಿ ತೆರೆದ, ರೈಲು ಕೂಗಿತು, ಅವನು ಬಾಯಿ ಮುಚ್ಚಿದ.

"ನಿನ್ನ ಮೇಷ್ಟ್ರು ಇಲ್ಲಿಗೇ ನಿದ್ದೆ ಹೋಗಿರ್ಬೇಕು ಕಣೇ ಅಕ್ಕ!" ತಂಗಿ ನಕ್ಕಳು.

ಎರಡನೆಯದು. ಮಹಡಿಯ ಮೇಲೆ ಕೂದಲು ಒಣಗಿಸುತ್ತಿದ್ದ ಹೆಣ್ಣು, ಏನು ಹೇಳೋಕೆ ಬಂದ್ರಿ ಎಂದು ಕೇಳಿದಳು. ಬಂದವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಔಷಧದಂಗಡಿ ತೆರೆದಿದೆಯೇ ಎಂದ.

ಮೂರನೆಯದು. ಅಡುಗೆಮನೆಯ ಮೇಜಿನ ಆಚೆ ಈಚೆ ಇಬ್ಬರು ಮುದುಕರು ಬಟಾಣಿ ಸುಲಿಯುತ್ತ ಕೂತಿದ್ದರು. ಮಾತಿಲ್ಲ, ಸಂಗೀತವಿಲ್ಲ... ಒಂದೇ ಬಟ್ಟಲಿಗೆ ಇಬ್ಬರ ಕೈಯಿಂದ ಉದುರುವ ಕಾಳುಗಳು, ಅಷ್ಟೇ.

ತಂಗಿ ಈಗ ನಗಲಿಲ್ಲ. "ಅಕ್ಕ... ಇದು ನಿದ್ದೆ ಅಲ್ಲ."

ಕ್ಯಾಸೆಟ್ಟಕ್ಕ ಟೀವಿಯ ಹತ್ತಿರ ಸರಿದಳು. ಅಯ್ಯೋ, ಡಿಸ್ಕಿಗೆ ನೆನಪಿಲ್ಲ, ಕ್ಯಾಸೆಟ್ಟಿಗಿದೆ! ಕೊಟ್ಟವರು ಎಲ್ಲಿ ನಿಲ್ಲಿಸಿದರೋ ಅಲ್ಲೇ ತಡೆದುಕೊಂಡು ಬರುತ್ತದೆ ಅದು. ಹೇಳಲಾರದವನು ಹೇಳುವವರನ್ನು ಹುಡುಕಿ, ಅವರ ತುಟಿಯಂಚಿಗೆ ತನ್ನ ಮಾತನ್ನಿರಿಸಿ, ವಾರವಾರವೂ ಅವಳ ಕೈಗೇ ತಂದುಕೊಟ್ಟಿದ್ದ. ಅವಳು ಅವನ ಕಿವಿಗೆ ಬೀಳುವಂತೆಯೇ, ಕರ್ತವ್ಯದಕ್ಷತೆಯಿಂದ, ಎಲ್ಲವನ್ನೂ ಮೊದಲಿಗೆ ಸುತ್ತಿಬಿಟ್ಟಿದ್ದಳು! ತೆರೆಯದ ಕಿಟಕಿಗೆ ವಸಂತವು ಬಂದು ಬಂದು ಮರಳಿದಂತೆ, ಎಷ್ಟು ನಿವೇದನೆಗಳು ಆ ಪುಟ್ಟ ಯಂತ್ರದ ಗುರ್ರೆಂಬ ಸದ್ದಿನಲ್ಲಿ ಕರಗಿಹೋದವೋ...

ಉತ್ತರ ಕೊಡಬೇಕು, ಅವರದೇ ಭಾಷೆಯಲ್ಲಿ ಕೊಡಬೇಕು. ಹಾಗೆಂದುಕೊಂಡು ಅವಳು ಏಣಿ ಹತ್ತಿದಳು. ಒಂದೊಂದನ್ನೇ ಇಳಿಸಿದಳು, ನೋಡಿದಳು, ಬದಿಗಿಟ್ಟಳು. ಆ ಚಿತ್ರಗಳ ಹೆಂಗಸರೆಲ್ಲ ಕಾಯುತ್ತಿದ್ದರು. ಕಿಟಕಿಯಲ್ಲಿ ಕಾಯುತ್ತಿದ್ದರು, ತೋಟದಲ್ಲಿ ಕಾಯುತ್ತಿದ್ದರು, ಮಳೆಯಲ್ಲಿ ನೆನೆಯುತ್ತ ಕಾಯುತ್ತಿದ್ದರು. ಕೇಳಿದಾಗ ನಾಚಿ ಓಡುವವರಿದ್ದರು, ತಾನೇ ನಡೆದು ಹೋಗಿ ಹೇಳುವವಳೊಬ್ಬಳೂ ಇರಲಿಲ್ಲ.

"ಊರಿಗೆಲ್ಲ ಮುಖ ನೋಡಿ ಸಿನಿಮಾ ಕೊಟ್ಟೆ. ನಿನಗೊಂದು ಸಿಗಲಿಲ್ವಾ?" ತಂಗಿ ಕೇಳಿದಳು.

"ಸಿಗಲಿಲ್ಲ ಕಣೇ." ಅವಳು ಏಣಿಯಿಂದ ಇಳಿದು ಸೆರಗಿನ ಧೂಳು ಕೊಡವಿದಳು. ತಪ್ಪು ತಿಳಿದಿದ್ದೇನೆಯೇ ಎಂಬ ಅಳುಕು ಎದೆಯಲ್ಲಿ ಒಮ್ಮೆ ಮಿಡುಕಿ, ಮೋಡದ ನೆರಳಿನಂತೆ ಸರಿದುಹೋಯಿತು. "ಸಿನಿಮಾ ಇಲ್ಲದೇನೂ ಆಗತ್ತೆ. ಅಂಗಡಿ ನೋಡ್ಕೋ, ಬಂದೆ."

ಪಕ್ಕದ ಮಹಡಿಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಅಚ್ಚಿನಲ್ಲಿ ಎರೆದ ಸುಣ್ಣದ ದವಡೆಗಳು ಸಾಲಾಗಿ ನಗುತ್ತಿದ್ದವು. ಮೇಷ್ಟ್ರು ಹಲ್ಲಿನ ಸೆಟ್ಟೊಂದನ್ನು ಉಜ್ಜುತ್ತಿದ್ದರು. ಅದರ ಒಡೆಯರಾದ ನಿವೃತ್ತ ವಕೀಲರು ಬೋಳು ಬಾಯಿಗೆ ಕರವಸ್ತ್ರ ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದರು. ಅವಳನ್ನು ಕಂಡು ಮೇಷ್ಟ್ರ ಕೈ ನಿಂತಿತು.

"ಕ್ಯಾಸೆಟ್ಟು ಸಂಜೆ ತರೋನಿದ್ದೆ..."

"ನಾನು ಕ್ಯಾಸೆಟ್ಟಿಗೆ ಬಂದಿಲ್ಲ. ನೀವು ನಿಲ್ಲಿಸಿ ಕೊಟ್ಟಿದ್ದನ್ನ ಇವತ್ತು ನೋಡಿದೆ. ಮೂರೇ ಉಳಿದಿದ್ವು. ಮಿಕ್ಕಿದ್ದನ್ನೆಲ್ಲ ನಾನೇ ಸುತ್ತಿ ಹಾಕಿದೀನಿ."

"ಗೊತ್ತು" ಎಂದರವರು ಮೆಲ್ಲಗೆ. "ನಿಮ್ಮ ಬಾಗಿಲು ದಾಟೋ ಮೊದಲೇ ಯಂತ್ರದ ಸದ್ದು ಕೇಳಿಸ್ತಿತ್ತು."

"ಗೊತ್ತಿದ್ದೂ ಬಾಯಿ ಬಿಡಲಿಲ್ವಾ?"

"ಬಾಯಿ ಬಿಟ್ಟು, ನೀವು ಬೇಡ ಅಂದಿದ್ರೆ ಮಂಗಳವಾರ ಬರೋಕೆ ಮುಖ ಇರ್ತಿರಲಿಲ್ಲ. ಸುಮ್ಮನಿದ್ರೆ ಬೈಗುಳವಾದ್ರೂ ಸಿಗ್ತಿತ್ತು. ಸುತ್ತಿ ತರೋರಿಗೆ ನೀವು ಥ್ಯಾಂಕ್ಸ್ ಅಷ್ಟೇ ಹೇಳ್ತಿದ್ರಿ. ನನಗೆ ನಾಲ್ಕು ಮಾತು ಜಾಸ್ತಿ... ಸಾಕು ಅಂದ್ಕೊಂಡೆ."

"ನನಗೆ ಸಾಕಾಗಲ್ಲ!"

ತನ್ನ ದನಿಯ ಸ್ಥೈರ್ಯಕ್ಕೆ ಅವಳಿಗೇ ವಿಸ್ಮಯವಾಯಿತು. ಕಿಟಕಿಯಿಂದ ಬಂದ ಬೆಳಕು ಅವಳ ಭುಜದ ಮೇಲೆ ಕೈಯಿಟ್ಟಂತಿತ್ತು. "ಶನಿವಾರದ ಮೇಲೆ ಅಂಗಡಿ ಇರಲ್ಲ. ನಾನಿರ್ತೀನಿ. ನಿಮ್ಮ ಜೊತೆ ಬಾಳಬೇಕು ಅಂತ ನನ್ನ ಮನಸ್ಸು. ನಿಮ್ಮ ಮನಸ್ಸೇನು ಹೇಳಿ. ನಿಮ್ಮ ಬಾಯಲ್ಲೇ ಹೇಳಿ, ಸಿನಿಮಾದವರ ಬಾಯಲ್ಲಿ ಬೇಡ."

ಮೇಷ್ಟ್ರು ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನೇ ಮತ್ತೆ ಉಜ್ಜತೊಡಗಿದರು! ವಕೀಲರಿಗೆ ತಡೆಯಲಾಗಲಿಲ್ಲ. ಕರವಸ್ತ್ರ ಸರಿಸಿ, ಗಾಳಿಯೇ ಹೆಚ್ಚಾದ ದನಿಯಲ್ಲಿ ಗುಡುಗಿದರು:

"ಹೇಳಯ್ಯಾ! ಇಲ್ಲಾಂದ್ರೆ ನನ್ನ ಹಲ್ಲು ಈ ಕಡೆ ಕೊಡು, ನಿನ್ನ ಪರವಾಗಿ ನಾನೇ ವಾದಿಸ್ತೀನಿ!"

ಮೇಷ್ಟ್ರು ಹಲ್ಲಿನ ಸೆಟ್ಟನ್ನು ನೀರಿನ ಬಟ್ಟಲಿಗಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತರು. "ನನಗೂ ಅದೇ ಮನಸ್ಸು" ಎಂದರು. "ಮೊದಲನೇ ಕ್ಯಾಸೆಟ್ಟಿಂದ ಅದೇ ಮನಸ್ಸು. ನೀವು ಅಂಗಡಿ ಮುಚ್ತೀರಿ ಅಂತ ಕಾಗದ ಅಂಟಿಸಿದ ದಿನ ನನ್ನ ಕೈಯಲ್ಲಿ ಒಂದು ದವಡೆ ಒಡೆದು ಹೋಯ್ತು..."

"ಅದು ನಂದೇ!" ಎಂದರು ವಕೀಲರು. "ಅದಕ್ಕೇ ಇವತ್ತೂ ಗಂಜಿ ಕುಡೀತಿದೀನಿ!"

ಅವಳು ನಕ್ಕಳು, ಮೇಷ್ಟ್ರೂ ನಕ್ಕರು, ಇಷ್ಟು ದಿನದ ಸಂಕೋಚವನ್ನೆಲ್ಲ ಮರೆತು, ಬಾಯ್ತುಂಬ! ಆಮೇಲೆ ಅವರು ಮಾತಾಡಿದರು... ಕಟ್ಟೆಯೊಡೆದ ನೀರಿನಂತೆ, ತಪ್ಪಾಗಿ, ತಡವರಿಸುತ್ತ, ಹೇಳಿದ್ದನ್ನೇ ಮತ್ತೆ ಹೇಳುತ್ತ. ಅವಳು ಬೆಂಚಿನ ತುದಿಯಲ್ಲಿ ಕೂತು ಕೇಳಿದಳು, ನಡುವೆ ತನ್ನದನ್ನೂ ಸೇರಿಸಿದಳು. ವಕೀಲರ ಹಲ್ಲು ನೀರಿನಲ್ಲೇ ಇತ್ತು.

ಶನಿವಾರ ಅಂಗಡಿ ಮುಚ್ಚಿತು. ಮುಚ್ಚಲೇಬೇಕಿತ್ತು, ಯಾರ ಪ್ರೀತಿಯೂ ಕಾಲದ ಬಾಡಿಗೆಯನ್ನು ಮನ್ನಾ ಮಾಡಿಸಲಾರದು. ಆದರೂ ಬೀಗ ಹಾಕಿದ ಹೆಣ್ಣಿನ ಮುಖದಲ್ಲಿ ಸೋಲಿನ ಛಾಯೆಯಿರಲಿಲ್ಲ. ಮನುಷ್ಯ ಹೃದಯ ಎಷ್ಟು ಸಂಕೋಚದ ಪ್ರಾಣಿ! ತನ್ನ ಅತ್ಯಂತ ಸ್ವಂತದ ಮಾತಿಗೂ ಅದು ಪರರ ದನಿಯನ್ನು, ಪರರ ಮುಖವನ್ನು, ಪರರ ಮಳೆಬಿಸಿಲನ್ನು ಎರವಲು ತರುತ್ತದೆ; ತಂದದ್ದರಲ್ಲಿ ಬೆಚ್ಚಗೆ ಅಡಗಿ ವರ್ಷಗಳನ್ನೇ ಕಳೆಯುತ್ತದೆ. ಎರವಲಾದ್ದರಿಂದ ಅದು ಸುಳ್ಳೆನ್ನಲಾದೀತೇ? ಇಲ್ಲ... ಆದರೆ ತಂದದ್ದನ್ನು ಒಂದು ದಿನ ಹಿಂತಿರುಗಿಸಲೇಬೇಕು. ಬರಿಗೈಯಲ್ಲಿ ಎದುರು ನಿಂತಾಗ ಹೊರಡುವ ಆ ತೊದಲು ಮಾತಿಗೆ ಹಿನ್ನೆಲೆ ಸಂಗೀತವಿರುವುದಿಲ್ಲ, ಅದನ್ನು ಮತ್ತೆ ಹಾಕಿ ನೋಡುವಂತೆಯೂ ಇರುವುದಿಲ್ಲ. ಅಂಥ ಮಾತು ಒಮ್ಮೆ ಮಾತ್ರ ಕೇಳಿಸುತ್ತದೆ. ಕೇಳಿಸಿಕೊಂಡ ಜೀವ ಅದರ ಬೆಳಕಿನಲ್ಲೇ ಉಳಿದ ದಾರಿಯೆಲ್ಲವನ್ನೂ ನಡೆದುಬಿಡುತ್ತದೆ!